ಬಂಡೆಗೆ ಮಾಡಿದ ಮೊನೆ

ಕಾಮಸಮುದ್ರದ ಹತ್ತಿರ ನನ್ನ ಹೆಂಡತಿಯ ತವರು. ಆ ಊರಿನ ಕೆರೆಯ ನೀರು ಬೇಸಿಗೆಯಲ್ಲಿ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಬಲೆಯವರು ಕಾಟ್ಲಾ, ರೋಹು ಎಳೆದುಕೊಂಡು ಹೋದ ಮೇಲೆ ಕಲ್ಲಿನ ಸಂದಿಯಲ್ಲಿ, ಜೊಂಡಿನಲ್ಲಿ ಅಡಗಿ ಉಳಿದ ಕೊರಮೀನು ಊರಿನವರ ಪಾಲು. ತೋಳಿನುದ್ದದ ಕೊರಮೀನಿಗೆ ಬಲೆ ಲೆಕ್ಕಕ್ಕೇ ಇಲ್ಲ, ಕೆಸರಿನಲ್ಲಿ ಹೂತುಕೊಂಡು ಅಡಿಯಿಂದ ನುಸುಳಿಬಿಡುತ್ತದೆ. ಉಸಿರಿಗೆಂದು ಮೇಲೆ ಬಂದ ಗಳಿಗೆಯಲ್ಲಿ ಈಟಿಯಿಂದಲೇ ಚುಚ್ಚಬೇಕು.

ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನು ದೊಡ್ಡದೊಂದನ್ನೂ ಹಿಡಿದಿರಲಿಲ್ಲ. ಮಾವನ ಬಿದಿರು ಗಳದ ತುದಿಗೆ ಮೂರು ಮುಳ್ಳಿನ ಮೊನೆಯಿತ್ತು. ಅಂಗೈಯಗಲದ ಜಿಲೇಬಿ ಮೀನಿಗೆ ಅದು ಸಾಕು. ದೊಡ್ಡ ಮೀನಾದರೆ ಮುಳ್ಳುಗಳು ಮೇಲುಮೇಲೆ ಚುಚ್ಚಿಕೊಳ್ಳುತ್ತಿದ್ದವು, ಮೀನು ಒಮ್ಮೆ ಕೊಡವಿಕೊಂಡು ಹೋಗುತ್ತಿತ್ತು. ಇದಕ್ಕೆ ಒಂಟಿ ಮೊನೆಯೇ ಆಗಬೇಕು ಎಂದರು ಮಾವ. ಅದನ್ನು ಹೋಗಿ ನಾನು ನಮ್ಮಪ್ಪನಿಗೆ ಹೇಳಿದೆ.

ಅಪ್ಪ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಸಲಾಕೆಗಳಿಗೆ ಮೊನೆ ತಟ್ಟಿ ಹದ ಹಾಕುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಅವರಿಂದ ಯಾರೂ ಏನನ್ನೂ ಮಾಡಿಸಿಕೊಂಡಿರಲಿಲ್ಲ. ಮಾರಿಕುಪ್ಪಂನ ಮನೆಯ ಹಿಂದೆ ಮತ್ತೆ ಕುಲುಮೆ ಹೊತ್ತಿತು. ಹಳೆಯ ಸಲಾಕೆಯ ತುಂಡೊಂದನ್ನು ಕಾಯಿಸಿ, ತಟ್ಟಿ, ನೀರಿಗದ್ದಿ ವಾರದೊಳಗೆ ನನ್ನ ಕೈಗಿಟ್ಟರು. ಆಗಿನ ಅವರ ಮುಖ ನೋಡಬೇಕಿತ್ತು!

"ಬಂಡೇಗೇ ಬಗ್ಗಲ್ಲ ಕಣ್ಲಾ ಇದು. ಮೀನು ಯಾವ್ ಲೆಕ್ಕ?"

ಭಾನುವಾರ ತಾವೂ ಕೆರೆಗೆ ಬಂದು ತಲೆಗೆ ಟವೆಲ್ ಸುತ್ತಿಕೊಂಡು ಏರಿಯ ಮೇಲೆ ಕೂತರು. ನಾನು ಬೀಸಿ ಚುಚ್ಚಿದೆ. ಮೀನು ಸರಿಯಿತು, ಮೊನೆ ಕಲ್ಲಿಗೆ ಬಡಿದು ಟಣ್ ಎಂದು ಎರಡು ತುಂಡಾಯಿತು. ಹದ ಅಷ್ಟು ಗಟ್ಟಿಯಾಗಿತ್ತು, ಬಗ್ಗುವ ಬದಲು ಮುರಿಯಿತು.

"ಬೀಗ್ರೇ, ನಮ್ ಕೆರೇಲಿ ಬಂಗಾರ ಇಲ್ಲ ಕಣ್ರೀ, ಮೀನೈತೆ!" ಎಂದರು ಮಾವ.

ಏರಿಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಮುರಿದ ತುದಿಯನ್ನು ನನ್ನಿಂದ ಕೆಸರಿನಲ್ಲಿ ಹುಡುಕಿಸಿ ಪಡೆದು ಜೇಬಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ಮಗನಾಗಿ ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಹೆಣ್ಣು ಕೊಟ್ಟ ಮನೆಯವರ ಮುಂದೆ ಅಪ್ಪನನ್ನು ಇನ್ನೊಮ್ಮೆ ಸಣ್ಣವರನ್ನಾಗಿ ಮಾಡುವುದು ಬೇಡವೆಂದು ಮೊಬೈಲಿನಲ್ಲಿ ಒಂದು ಹೊಳೆಯುವ ಸ್ಟೀಲ್ ಮೊನೆ ತರಿಸಿ ಚೀಲದಲ್ಲಿಟ್ಟುಕೊಂಡೆ. ಅದಾದ ಮೂರನೆಯ ಭಾನುವಾರ ನಾನು ಅದನ್ನು ಗಳಕ್ಕೆ ಸಿಕ್ಕಿಸುವ ಮೊದಲೇ ಅಪ್ಪ ಏರಿಯ ಮೇಲೆ ಪ್ರತ್ಯಕ್ಷ! ಕೈಯಲ್ಲಿ ಅದೇ ಮುರಿದ ತುದಿ. ಈಗ ಅದರ ಹಿಂಬದಿಗೊಂದು, ನಡುವಿಗೊಂದು ತೂತು. ನಡುವಿನ ತೂತಿಗೆ ನೈಲಾನ್ ದಾರ.

"ಕೆಂಪಗ್ ಕಾಯ್ಸಿ ಬೂದೀಲಿ ಊತಿಟ್ಟೆ. ನಿಧಾನಕ್ಕೆ ಆರಿ ಮೆತ್ತಗಾಯ್ತು," ಎಂದರು. "ಬದುಕೆಲ್ಲಾ ಗಟ್ಟಿ ಮಾಡೋದೊಂದೇ ಗೊತ್ತಿತ್ತು ಕಣ್ಲಾ ನಂಗೆ."

ಹಿಂಬದಿಯ ತೂತಿನಿಂದ ಅದು ಗಳದ ತುದಿಗೆ ಸಡಿಲವಾಗಿ ಕೂರುತ್ತದೆ, ದಾರದ ಇನ್ನೊಂದು ತುದಿ ಕೈಯಲ್ಲಿರುತ್ತದೆ. ಮೀನಿನೊಳಗೆ ಹೊಕ್ಕೊಡನೆ ಗಳದಿಂದ ಕಳಚಿ, ಬಾಗಿಲ ಅಗುಳಿಯ ಹಾಗೆ ಅಡ್ಡ ತಿರುಗುತ್ತದೆ. ಎಷ್ಟು ಒದ್ದಾಡಿದರೂ ದಾರ ಬಿಡುವುದಿಲ್ಲ. ತರಿಸಿದ ಸ್ಟೀಲ್ ಮೊನೆಯನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ.

ಬೆಳಿಗ್ಗೆಯೆಲ್ಲ ನಿಂತ ಮೇಲೆ ಒಂದು ಕರಿಯ ತಲೆ ಮೇಲೆ ಬಂತು. ಚುಚ್ಚಿದೆ. ಗಳ ಹಗುರಾಯಿತು, ದಾರ ಜಗ್ಗಿತು. ಮಾವ ಪಂಚೆ ಎತ್ತಿಕಟ್ಟಿಕೊಂಡು ನೀರಿಗಿಳಿದು ನನ್ನ ಜೊತೆ ದಾರ ಹಿಡಿದರು. ಇಬ್ಬರೂ ಕೆಸರಿನಲ್ಲಿ ಬಿದ್ದೆದ್ದು ಅಂತೂ ದಡಕ್ಕೆ ತಂದೆವು. ತೋಳಿಗಿಂತ ಉದ್ದವಿತ್ತು!

ಮೀನು ಕೊಯ್ದಾಗ ಮೊನೆ ಮಾಂಸದಲ್ಲಿ ಅಡ್ಡಡ್ಡ ಮಲಗಿತ್ತು. ಮಾವ ಅದನ್ನು ತೊಳೆದು, ತಿರುಗಿಸಿ ತಿರುಗಿಸಿ ನೋಡಿದರು.

"ಬೀಗ್ರೇ, ನಂಗೂ ಇಂಥದ್ದೊಂದ್ ಮಾಡ್ಕೊಡ್ರಿ. ಬರೋ ವಾರ ಬಂದು ಇಸ್ಕೊಂಡ್ ಓಗ್ತೀನಿ."

ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಬರೋ ವಾರ ಆಗಲ್ಲ. ಕೆಲ್ಸ ಜಾಸ್ತಿ ಐತೆ."

ಯಾವ ಕೆಲಸವೂ ಇಲ್ಲವೆಂದು ನನಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು.

"ಆಗ್ಲಿ ಬಿಡ್ರಿ," ಎಂದರು ಅವರು. "ನಿಮ್ಗೆ ಯಾವಾಗ ಬಿಡುವಾಗ್ತದೋ ಆಗ್ಲೇ ಬತ್ತೀನಿ."