ಕಾಳಮ್ಮನ ಮುಂದೆ ಒಡೆಯಬೇಕಿದ್ದ ಲಕೋಟೆ

ಮೊನ್ನೆ ನನ್ನ ಟೈಪಿಂಗ್ ಅಂಗಡಿಗೆ ಒಂದು ರಿಜಿಸ್ಟರ್ ಲಕೋಟೆ ಬಂತು. ಅದರ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಮದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಗ್ಗದ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಕಾಕಾ ಏಜೆಂಟನೊಬ್ಬನನ್ನು ನಂಬಿ ಹೊರದೇಶದಿಂದ ಹಳೆಯ ಮಗ್ಗವೊಂದನ್ನು ತರಿಸಿದ್ದರು. ಆ ಪುಣ್ಯಾತ್ಮ ಬಂದರಿನ ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿ, ಸುಂಕಕ್ಕೆಂದು ಇವರು ಕೊಟ್ಟದ್ದನ್ನು ತಾನೇ ನುಂಗಿದ. ಕಸ್ಟಮ್ಸ್‌ನವರು ಮಗ್ಗ ಹಿಡಿದರು, ಕಾಕಾನ ಮೇಲೆ ಕೇಸು ಹಾಕಿದರು. ನಿಜವಾದ ಬಿಲ್ಲು ಕಾಕಾನ ಹತ್ತಿರವೇ ಇತ್ತು.

“ಮಗ್ಗ ಹೋದ್ರ ಹೋಗ್ಲಿ. ಕಳ್ಳ ಅನ್ನೂ ಹೆಸರೊಂದು ಅಳಿಸಿ ಕೊಡೋ ತಮ್ಮಾ” ಎಂದು ನನ್ನ ಮುಂದೆ ಕುಳಿತಿದ್ದರು.

ತೀರ್ಪು ಅಂಚೆಯಲ್ಲಿ ಬರಬೇಕಿತ್ತು. ವಿರುದ್ಧವಾದರೆ ಅರವತ್ತು ದಿನದೊಳಗೆ ಮೇಲಿನ ಅಧಿಕಾರಿಗೆ ಮನವಿ. ಕಾರಣ ಕೊಟ್ಟರೆ ಇನ್ನೊಂದು ತಿಂಗಳು. ಅದರಾಚೆ ಬ್ರಹ್ಮ ಬಂದರೂ ಇಲ್ಲ.

ಲಕೋಟೆ ಬಂದ ದಿನ ಕಾಕಾ ಊರಲ್ಲಿರಲಿಲ್ಲ. ಅವರಣ್ಣ ಸಹಿ ಹಾಕಿ ತೆಗೆದುಕೊಂಡರು. ಸರಕಾರದ ಕಾಗದವನ್ನು ಸಿರಸಂಗಿ ಕಾಳಮ್ಮನ ಪಾದಕ್ಕೆ ಮುಟ್ಟಿಸದೆ ಒಡೆಯಬಾರದೆಂಬುದು ಆ ಮನೆಯ ರೂಢಿ. ಅಮಾವಾಸ್ಯೆಗೆ ಹೋಗಬೇಕೆನ್ನುವಷ್ಟರಲ್ಲಿ ಸಾವಿನ ಸೂತಕ ಬಂತು. ಮುಂದಿನ ಅಮಾವಾಸ್ಯೆಗೆ ಅಣ್ಣನಿಗೆ ಜ್ವರ. ಅದರ ಮುಂದಿನದಕ್ಕೆ ಸೊಸೆ ಹೆತ್ತು ಮತ್ತೆ ಸೂತಕ. ತಮ್ಮನಿಗೆ ಹೇಳಿದರೆ ಅವಸರಪಟ್ಟು ಒಡೆದಾನೆಂದು ಅಣ್ಣ ಬಾಯೇ ಬಿಡಲಿಲ್ಲ. ನಾಲ್ಕನೆಯ ಅಮಾವಾಸ್ಯೆಗೆ ಒಡೆದರೆ ತೀರ್ಪು ಕಾಕಾನ ವಿರುದ್ಧವಿತ್ತು, ಎಲ್ಲ ಗಡುವೂ ಮುಗಿದಿತ್ತು.

ಆದರೂ ಮನವಿ ಟೈಪು ಮಾಡಿ, ಬಿಲ್ಲು ಹಚ್ಚಿ ಕಳಿಸಿದೆ. ಅವಧಿ ಮೀರಿದೆ ಎಂದಷ್ಟೇ ಉತ್ತರ ಬಂತು. ಬಿಲ್ಲಿನ ಬಗ್ಗೆ ಒಂದಕ್ಷರವಿರಲಿಲ್ಲ.

ಕಾಕಾ ಅದನ್ನು ಓದಿ ಎದ್ದು ಮನೆಗೆ ಹೋದರು, ಹಿಂದೆಯೇ ನಾನೂ ಹೋದೆ. ಮೂಲೆಯಲ್ಲಿದ್ದ ಕಬ್ಬಿಣದ ಸಲಾಕೆ ತೆಗೆದುಕೊಂಡು ಅಣ್ಣನ ಮೇಲೆ ಬಿದ್ದರು.

“ಓದಿದ್ಲೇನು ನಿನ್ನ ಕಾಳಮ್ಮ? ಹೇಳಣ್ಣಾ, ಓದಿದ್ಲೇನು?”

ಮೂರನೇ ಏಟಿಗೆ ಅಣ್ಣನ ಮೊಳಕೈ ಎಲುಬು ಚರ್ಮ ಸೀಳಿ ಹೊರಬಂತು. ಗೋಡೆಗೆಲ್ಲ ರಕ್ತ. ನಾನು ಬಾಗಿಲಲ್ಲೇ ಇದ್ದೆ, ಬಿಡಿಸಬಹುದಿತ್ತು. ಬಿಡಿಸಲಿಲ್ಲ. ಬೀಳಲಿ ಇನ್ನೊಂದು ಎಂದೇ ಅನಿಸಿತ್ತು... ಇಂದಿಗೂ ಅದಕ್ಕೆ ನಾಚುತ್ತೇನೆ.

ಪೊಲೀಸರು ಬಂದಾಗ ಅಣ್ಣ, “ಜಾರಿ ಬಿದ್ದೇನ್ರಿ ಸಾಹೇಬ್ರ” ಎಂದರು. ಆ ಕೈ ಮುಂದೆ ನೆಟ್ಟಗಾಗಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಸುಡುಗಾಡಿನಲ್ಲಿ ಹಿಂದಿನಿಂದ ಯಾರೋ, “ಸುಂಕದ ಕಳ್ಳ ಹೋದ ನೋಡು” ಎಂದು ನಕ್ಕ. ನಾನು ತಿರುಗುವಷ್ಟರಲ್ಲಿ ಅಣ್ಣ ನೆಟ್ಟಗಿದ್ದ ಒಂದೇ ಕೈಯಿಂದ ಅವನ ಗಂಟಲು ಹಿಡಿದು ನೆಲಕ್ಕೆ ಕೆಡವಿದ್ದರು. ಮೂವರು ಸೇರಿ ಆ ಕೈ ಬಿಡಿಸಿದೆವು. ಆಮೇಲೆ ಅಣ್ಣ ಅಲ್ಲೇ ಕುಳಿತು ಅತ್ತರು, ನಾನೂ ಅತ್ತೆ.

ಈಗಲೂ ಅವರು ಆಗಾಗ ಅಂಗಡಿಗೆ ಬಂದು, ಇನ್ನೊಂದು ಅರ್ಜಿ ಬರೆಯಲು ಬರುವುದೇ ಎಂದು ಕೇಳುತ್ತಾರೆ. ಸತ್ತವರ ಹೆಸರು ತೊಳೆದುಕೊಡುವ ಕಚೇರಿ ಯಾವುದೋ, ನನಗೆ ಗೊತ್ತಿಲ್ಲ.