ಮೂರು ಬಸ್ಸಿಗೆ ಟವೆಲ್ಲು

ನನಗೆ ಟವೆಲ್ಲು ಕಂಡರೆ ಸಿಟ್ಟು ಬರುತ್ತದೆ. ಮೈ ಒರೆಸುವ ಟವೆಲ್ಲಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ತೂರಿಬಂದು, ಸೀಟಿನ ಮೇಲೆ ಜಮೀನ್ದಾರನ ಹಾಗೆ ಒರಗಿಕೊಳ್ಳುತ್ತದಲ್ಲ, ಆ ಟವೆಲ್ಲು. ಚನ್ನರಾಯಪಟ್ಟಣದಿಂದ ದಿನಾ ಓಡಾಡುವ ನಾನು ಎಷ್ಟೋ ಸಲ ಅದರ ಪಕ್ಕದಲ್ಲಿ ಆಳಿನ ಹಾಗೆ ನಿಂತೇ ಊರು ಸೇರಿದ್ದೇನೆ.

ನಮ್ಮ ಬಾಸ್ ಮಂಜಣ್ಣ ಈ ವಿದ್ಯೆಯಲ್ಲಿ ಪಂಡಿತ. ಹೊಳೆನರಸೀಪುರದ ಮನೆಗೆ ಹೊರಟರೆ ಒಂದು ಬಸ್ಸಿಗೆ ಟವೆಲ್ಲು, ಇನ್ನೊಂದಕ್ಕೆ ಊಟದ ಡಬ್ಬಿ, ಮೂರನೆಯದಕ್ಕೆ ಛತ್ರಿ. ಮೊದಲು ಹೊರಟದ್ದನ್ನು ಹತ್ತುತ್ತಾರೆ. ಅವರು ಮನೆಯಲ್ಲಿ ಕಾಲು ಚಾಚುವಾಗ ಡಬ್ಬಿ ಮೈಸೂರು ನೋಡುತ್ತಿರುತ್ತದೆ. ಮೊನ್ನೆ ಇದೇ ವಿದ್ಯೆಯನ್ನು ನಮ್ಮ ಸರ್ವರಿನ ಮೇಲೂ ಪ್ರಯೋಗಿಸಿದರು.

ನಮ್ಮದು ಹಾಸನದಲ್ಲಿ ಪುಟ್ಟ ಆಫೀಸು. ಬಿತ್ತನೆ ಆಲೂಗಡ್ಡೆ ಮಾರುವ ಒಂದು ಕೋಲ್ಡ್ ಸ್ಟೋರೇಜಿಗೆ ಟೋಕನ್ ಕೊಡುವ ವೆಬ್‌ಸೈಟು ನಡೆಸುತ್ತೇವೆ. ಟೋಕನ್ ಇಲ್ಲದವರಿಗೆ ಗಡ್ಡೆ ಇಲ್ಲ. ವೆಬ್‌ಸೈಟು ಕೂತಿರುವುದು ಕ್ಲೌಡ್ ಸರ್ವರಿನಲ್ಲಿ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ. ಅದರ ಆಪರೇಟಿಂಗ್ ಸಿಸ್ಟಮ್ಮಿಗೆ ತಂತ್ರಾಂಶಗಳ ಸ್ವಂತ ಉಗ್ರಾಣವಿದೆ; ರೆಪಾಸಿಟರಿ ಎನ್ನುತ್ತಾರೆ. ಅಲ್ಲಿಲ್ಲದ್ದಕ್ಕೆ ಆ ಸಿಸ್ಟಮ್ಮಿಗೆ ಹೊಂದುವಂತೆಯೇ ಕಟ್ಟಿದ ಹೆಚ್ಚುವರಿ ಉಗ್ರಾಣವೂ ಒಂದಿದೆ. ನಾವಾಗಿ ತೆರೆದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ.

ಟೋಕನ್ನನ್ನು ಚಿತ್ರವಾಗಿಸುವ ಸಣ್ಣದೊಂದು ತಂತ್ರಾಂಶ ಬೇಕಿತ್ತು. ಮೂಲ ಉಗ್ರಾಣದಲ್ಲಿರಲಿಲ್ಲ. ಹೆಚ್ಚುವರಿ ಉಗ್ರಾಣದಿಂದ ಅದೊಂದನ್ನು ತಂದಿದ್ದರೆ ಮುಗಿಯುತ್ತಿತ್ತು. ನಾನು ಟೀ ಕುಡಿದು ಬರುವಷ್ಟರಲ್ಲಿ ಮಂಜಣ್ಣ ಅದರ ಜೊತೆಗೆ ಬೇರೆ ಯಾವುದೋ ಸಿಸ್ಟಮ್ಮುಗಳ ಇನ್ನೆರಡು ಉಗ್ರಾಣಗಳನ್ನೂ ತೆರೆದಿದ್ದರು. ಸರ್ವರು ಕೇಳಿದ ಪ್ರತಿ ಪ್ರಶ್ನೆಗೂ, ಮದುವೆಮನೆಯಲ್ಲಿ ಪಾಯಸ ಬಡಿಸುವವನಿಗೆ ಅಂದ ಹಾಗೆ, ಹೂಂ ಅಂದಿದ್ದರು. ಅದು ಹೊಸದು ಕಂಡ ಕಡೆಯಿಂದೆಲ್ಲ ಒಂದೊಂದು ತುಂಡು ತಂದು ಹಳೆಯದನ್ನು ಕಿತ್ತು ಎಸೆಯಿತು. ಬಂದ ತುಂಡುಗಳಿಗೆ ಒಂದಕ್ಕೊಂದು ಪರಿಚಯವೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಟೋಕನ್ ಶುರುವಾಗಬೇಕಿತ್ತು. ಹತ್ತು ದಾಟಿದರೂ ವೆಬ್‌ಸೈಟು ಬರೀ ಬಿಳಿ ಹಾಳೆ.

“ಯಾಕಣ್ಣ ಮೂರು?” ಎಂದೆ, ಹಲ್ಲು ಕಚ್ಚಿಕೊಂಡು.

“ಒಂದ್ರಲ್ಲಿಲ್ದಿದ್ರೆ ಇನ್ನೊಂದ್ರಲ್ಲಿ ಸಿಕ್ತದೆ ಅಂತ ಕಣ್ಲಾ. ಇರ್ಲಿ ಬುಡು.”

ಈ ‘ಇರ್ಲಿ ಬುಡು’ವನ್ನು ಅರ್ಧ ಮೂಗಿನಲ್ಲಿ, ಅರ್ಧ ಎಲೆಅಡಿಕೆಯಲ್ಲಿ ಹೇಳಬೇಕು. ನಾನು ಅವರಿಗಿಂತ ಚೆನ್ನಾಗಿ ಹೇಳುತ್ತೇನೆ. ಮಂಜಣ್ಣ ಹೊರಗೆ ಉಗಿಯಲು ಹೋದಾಗ ಆಫೀಸಿನ ಫೋನು ಬಡಿದುಕೊಂಡಿತು. ಇದ್ದ ಸಿಟ್ಟಿಗೆ ಅವರದೇ ಗಂಟಲಿನಲ್ಲಿ “ಯೋಳಿ” ಎಂದೆ.

ಆ ಕಡೆ ಅರಕಲಗೂಡಿನ ನನ್ನ ಸೋದರಮಾವ! “ಏನ್ ಸಾ, ಆಗ್ಲಿಂದ ಟೋಕನ್ ಒತ್ತುದ್ರೆ ಬರೀ ಬಿಳೀ ಹಾಳೆ ಬತ್ತಾ ಅದೆ! ಮಳೆ ಬಂದು ಒಲ ರೆಡಿ ಆಗದೆ. ಗಡ್ಡೆ ಸಿಗ್ದಿದ್ರೆ ನಿಮ್ ವೆಬ್‌ಸೈಟ್ ನೆಡ್ಲಾ?”

“ನಮ್ ಉಡ್ಗ ನೋಡ್ತಾವ್ನೆ ಸಾ.”

“ಯಾರು, ನನ್ ಅಳಿಯನಾ? ಮೊದ್ಲು ಅವನ್ನ ದೂರ ಕೂರ್ಸಿ. ಮಿಕ್ಸಿ ರಿಪೇರಿ ಮಾಡ್ತೀನಿ ಅಂತ ಬಂದು ನಮ್ಮನೆ ಫ್ಯಾನೂ ಕೆಡ್ಸೋದ ಕಣಿ!”

ಬಾಸಿನ ಗಂಟಲಿನಲ್ಲಿ ನಕ್ಕೆ. ನನ್ನ ಗಂಟಲಿನಲ್ಲಿ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮೈ ಉರಿಯುವುದು ಮೂರು ಕಡೆ ಟವೆಲ್ಲು ಹಾಕುವ ಈ ಬುದ್ಧಿಗೆ. ಯಾರೋ ಪುಣ್ಯಾತ್ಮರು ಇಂಥದ್ದಕ್ಕೆ ಇಂಥದ್ದೇ ಹೊಂದುತ್ತದೆ ಎಂದು ಅಳೆದು, ಹೊಲಿದು, ಉಗ್ರಾಣದಲ್ಲಿ ಜೋಡಿಸಿಟ್ಟಿರುತ್ತಾರೆ. ನಾವು ಮೂರು ಮನೆಯ ಅಂಗಿ ಕಿತ್ತು ಒಂದು ತೋಳು, ಒಂದು ಕಾಲರು, ಒಂದು ಜೇಬು ಸೇರಿಸಿ ತೊಟ್ಟುಕೊಂಡು, ದರ್ಜಿಯನ್ನು ಬೈಯುತ್ತೇವೆ.

ಕೊನೆಗೆ ಹಿಂದಿನ ದಿನ ನಕಲು ಮಾಡಿಟ್ಟಿದ್ದ ಪ್ರತಿಯಿಂದ ಸರ್ವರನ್ನು ಮತ್ತೆ ಎಬ್ಬಿಸಿದೆ. ಅದಕ್ಕೆಂದೇ ಇದ್ದ ಹೆಚ್ಚುವರಿ ಉಗ್ರಾಣ ತೆರೆದು, ಬೇಕಾದ್ದೊಂದನ್ನೇ ತಂದು, ಪ್ರಶ್ನೆ ಓದಿ ಹೂಂ ಅಂದೆ. ಊಟದ ಹೊತ್ತಿಗೆ ಟೋಕನ್ ಹೊರಡತೊಡಗಿದವು. ಈ ಸಲ ಮಾವನ ಕರೆ ನನ್ನ ಮೊಬೈಲಿಗೇ ಬಂತು. “ಸಿಕ್ತು ಕಣ್ಲಾ! ನಿಮ್ ಬಾಸು ಒಳ್ಳೇ ಮನ್ಸ. ನಾನ್ ಯೋಳಿದ್ ಕೇಳಿ ನಿನ್ನ ದೂರ ಕೂರ್ಸವ್ರೆ, ಅದ್ಕೇ ಸರಿ ಓಯ್ತು.”

ಆ ಉರಿ ಹೊತ್ತುಕೊಂಡೇ ಸಂಜೆ ಬಸ್ ಸ್ಟ್ಯಾಂಡಿಗೆ ಬಂದೆ. ಚನ್ನರಾಯಪಟ್ಟಣದ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ಎರಡರಲ್ಲೂ ಡ್ರೈವರ್ ಇಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಒಂದರ ಕಿಟಕಿಯೊಳಗೆ ಕರ್ಚೀಫು ತೂರಿದೆ. ಇನ್ನೊಂದಕ್ಕೆ ಏನನ್ನೂ ತೂರಲಿಲ್ಲ. ಬುದ್ಧಿ ಬಂತು ಎಂದುಕೊಳ್ಳಬೇಡಿ. ನನ್ನ ಹತ್ತಿರ ಇದ್ದದ್ದು ಒಂದೇ ಕರ್ಚೀಫು.