ಮುಚ್ಚಳದ ಮಶೀನಿನ ಖಾದರಸಾಬ

ಖಾದರಸಾಬ ಮಿಸ್ತ್ರಿಗಳು ಬೆಳಿಗ್ಗೆ ಕಾರ್ಖಾನೆಗೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಒಂದು ಡಬ್ಬಿಯನ್ನು ಗೋಡೆಗೆ ಬೀಸಿ ಒಗೆಯುವುದು. ಡಬ್ಬಿಯ ತುಂಬ ನೀರು ಹಾಕಿ, ಮಶೀನಿನಲ್ಲಿಟ್ಟು ಮುಚ್ಚಳ ಕೂರಿಸಿ, ಅಂಗಳಕ್ಕೆ ತಂದು, ಏನೋ ಒಂದು ಬೈಗುಳ ಬೈದು ಕಲ್ಲಿನ ಗೋಡೆಗೆ ಎಸೆಯುತ್ತಿದ್ದರು. ಧಡ್ ಎಂಬ ಸಪ್ಪಳಕ್ಕೆ ಮಾಳಿಗೆಯ ಮೇಲಿನ ಕಾಗೆಗಳೆಲ್ಲ ಹಾರುತ್ತಿದ್ದವು. ಮುಚ್ಚಳ ಅಲುಗದೆ ಡಬ್ಬಿಯ ಹೊಟ್ಟೆ ಒಡೆದು ನೀರು ಚೆಲ್ಲಿದರೆ ಅವರಿಗೆ ಸಮಾಧಾನ. ಮುಚ್ಚಳದ ಅಂಚಿನಲ್ಲಿ ಒಂದು ಹನಿ ಜಿನುಗಿತೋ, ಮುಗಿಯಿತು. ಅದನ್ನು ಮತ್ತೆ ಒಗೆದು, ಕಾಲಲ್ಲಿ ತುಳಿದು, ಇಕ್ಕಳದಿಂದ ಅಂಚನ್ನು ಕಿತ್ತು, ಒಳಗಿನ ಮಡಿಕೆಯನ್ನು ಹೆಬ್ಬೆರಳಿನ ಉಗುರಿನಿಂದ ಅಳೆದು, ಮಶೀನನ್ನು ಕೂದಲೆಳೆಯಷ್ಟು ಬಿಗಿ ಮಾಡುವರು. ಆಮೇಲೆ ಇನ್ನೊಂದು ಡಬ್ಬಿ, ಮತ್ತೆ ಅದೇ ಗೋಡೆ.

"ಗ್ವಾಡಿಗೆ ಹೆದರೂ ಡಬ್ಬಿ ದಂಡಿಗೆ ಹೋಗಿ ಏನ ಮಾಡ್ತೈತಿ?" ಎನ್ನುತ್ತಿದ್ದರು.

ಅದು ಎರಡನೆಯ ಮಹಾಯುದ್ಧದ ಕಾಲ. ಹುಬ್ಬಳ್ಳಿಯ ಹೊರಗೆ, ಮೊದಲು ಹತ್ತಿ ಬಿಡಿಸುವ ಜಿನ್ನು ಇದ್ದ ಜಾಗದಲ್ಲಿ, ನಮ್ಮ ಸಾವಕಾರರು ಮಾವಿನ ರಸವನ್ನು ಡಬ್ಬಿಗೆ ತುಂಬುವ ಕಾರ್ಖಾನೆ ತೆಗೆದಿದ್ದರು. ಧಾರವಾಡದ ಕಡೆಯಿಂದ ಆಪೂಸು ಬಂಡಿಗಟ್ಟಲೆ ಬರುತ್ತಿತ್ತು, ರಸ ದಂಡಿನವರಿಗೆ ಹೋಗುತ್ತಿತ್ತು. ನಾನು ಸಾಲಿ ಮಾಸ್ತರರ ಮಗಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಜ್ವರದಿಂದ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಮರಳಿ ಬಂದಿದ್ದೆ. ಅತ್ತಿಗೆಯ ಮುಖ ನೋಡುತ್ತ ದಿನ ಕಳೆಯುವುದಕ್ಕಿಂತ ದುಡಿಯುವುದೇ ಲೇಸೆಂದು ನಮ್ಮ ಓಣಿಯ ಗಂಗವ್ವ ನನ್ನನ್ನು ಕಾರ್ಖಾನೆಗೆ ಕರೆದುಕೊಂಡು ಹೋದಳು. ಅವಳಿಗೂ ಗಂಡನಿರಲಿಲ್ಲ, ಎರಡು ಹೆಣ್ಣುಮಕ್ಕಳಿದ್ದವು. ಮುಚ್ಚಳದ ಮಶೀನಿನ ಮೇಲೆ ಬೆಳಿಗ್ಗೆ ನನ್ನ ಪಾಳಿ, ಮಧ್ಯಾಹ್ನದಿಂದ ಅವಳದು.

ಆ ಮಶೀನನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ತುಂಬಿದ ಡಬ್ಬಿಯನ್ನು ಕೆಳಗಿನ ತಟ್ಟೆಯ ಮೇಲಿಟ್ಟು, ಮೇಲೆ ಮುಚ್ಚಳವಿಟ್ಟು, ಕಾಲಿನಿಂದ ಪೆಡಲು ತುಳಿದರೆ ತಟ್ಟೆ ಡಬ್ಬಿಯನ್ನು ಎತ್ತಿ ಮೇಲಿನ ಉಕ್ಕಿನ ಗುಂಡಿಗೆ ಒತ್ತುತ್ತಿತ್ತು. ಡಬ್ಬಿ ಗರಗರ ತಿರುಗುವಾಗ ಎರಡು ಸಣ್ಣ ರೋಲುಗಳು ಒಂದಾದ ಮೇಲೊಂದು ಬಂದು, ಮುಚ್ಚಳದ ಅಂಚನ್ನೂ ಡಬ್ಬಿಯ ಅಂಚನ್ನೂ ಕೂಡಿಸಿ ಮಡಚಿ ಒತ್ತಿಬಿಡುತ್ತಿದ್ದವು. ಬೆಸುಗೆಯಿಲ್ಲ, ಬೆಂಕಿಯಿಲ್ಲ. ಚಾವಣಿಯ ಶಾಫ್ಟಿನಿಂದ ಇಳಿದ ಚರ್ಮದ ಪಟ್ಟಾವೇ ಅದರ ಬಲ. ತಗಡನ್ನು ಅಷ್ಟು ಸಲೀಸಾಗಿ ಮಡಚುವ ಯಂತ್ರಕ್ಕೆ ಮನುಷ್ಯರ ಬೆರಳು ಏನೇನೂ ಅಲ್ಲ.

ನಮ್ಮ ಕೈಗಳಿಗೋ ಹುಟ್ಟಿದಾಗಿನಿಂದ ಒಂದೇ ಚಾಳಿ. ಜೋಳದ ರೊಟ್ಟಿ ಬಡಿಯುವವಳ ಬಲಗೈ ಹಿಟ್ಟನ್ನು ತಟ್ಟುತ್ತ ತಿರುಗಿಸುತ್ತ ಇರುವಾಗಲೇ ಅಂಚನ್ನೂ ಸರಿಪಡಿಸುತ್ತದೆ. ಅದಕ್ಕೆ ಯಾರೂ ಹೇಳಬೇಕಿಲ್ಲ, ಕಣ್ಣು ಬೇರೆ ಕಡೆಗಿದ್ದರೂ ಕೈ ತಾನೇ ಹೋಗುತ್ತದೆ. ಕಣ್ಣೆದುರಿಗೆ ದುಂಡಗಿನದೊಂದು ತಿರುಗುತ್ತಿದ್ದು ಅದರ ಅಂಚು ಸೊಟ್ಟಗಾಯಿತೆಂದರೆ ನಮ್ಮ ಕೈ ಸುಮ್ಮನಿರುತ್ತದೆಯೇ? ಬೇರೆ ಊರಿನ ಮಿಸ್ತ್ರಿಗೆ ಇದು ತಿಳಿಯುತ್ತಿರಲಿಲ್ಲ. ಖಾದರಸಾಬರಿಗೆ ಮೊದಲ ದಿನವೇ ತಿಳಿಯಿತು.

ಅವರ ಔಷಧ ಒಂದೇ. ಹಳೆಯ ಪಟ್ಟಾದ ಒಂದು ಗೇಣುದ್ದದ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಕೈ ಮುಚ್ಚಳದ ಕಡೆ ಹೊರಳಿದ್ದೇ ತಡ, ಗಿಣ್ಣಿನ ಮೇಲೆ ಚಟೀರ್ ಎಂದು ಬೀಳುತ್ತಿತ್ತು. ನನಗೆ ಮೊದಲ ದಿನವೇ ಮೂರು ಏಟು ಬಿದ್ದವು. ನನ್ನ ಅಪ್ಪ ಊರಿನ ಮಕ್ಕಳಿಗೆಲ್ಲ ಛಡಿ ಏಟು ಕೊಟ್ಟವರು, ನನ್ನನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು.

"ಹೊಡೀತೀರೇನ್ರಿ ಹೆಣ್ಣಮಕ್ಕಳನ್ನ?" ಎಂದೆ.

"ನಾ ಹೊಡದ್ರ ನಾಕ ದಿನ ಬಾವು ಇರ್ತೈತಿ. ಅದು ಹೊಡದ್ರ ಕೈನ ಇರೂದಿಲ್ಲ. ಯಾವುದ ಬೇಕ ಹೇಳ ತಂಗಿ, ಅದನ್ನ ಕೊಡಸ್ತೇನಿ," ಎಂದರು.

ಅವರ ಎಡಗೈಯಲ್ಲಿ ಮೂರೇ ಬೆರಳುಗಳಿದ್ದವು. ಉಳಿದ ಎರಡು ಎಲ್ಲಿ ಎಂದು ಗಂಗವ್ವ ಒಮ್ಮೆ ಕೇಳಿದ್ದಕ್ಕೆ, "ಮುಂಬೈದಾಗ ಇಂಥಾದ ಒಂದ ಮಶೀನಿನಾಗ ಇಟ್ಟ ಬಂದೇನಿ, ಯಾರರೆ ಹೊಂಟ್ರ ಹೇಳವಾ, ತರಸೂಣು," ಎಂದು ನಕ್ಕಿದ್ದರು. ನಗುವಾಗ ಛಲೋ ಮನುಷ್ಯ. ಮಧ್ಯಾಹ್ನ ಗಂಗವ್ವನ ಬುತ್ತಿಯ ಬದನೆಕಾಯಿ ಪಲ್ಲೆಗೆ ಕೈಯೊಡ್ಡಿ ನಿಲ್ಲುವರು, ಅವಳ ಮಕ್ಕಳಿಗೆ ತಗಡಿನ ಚೂರುಗಳಲ್ಲಿ ತಕ್ಕಡಿ ಮಾಡಿಕೊಡುವರು. ಮಶೀನಿನ ಪಕ್ಕಕ್ಕೆ ಬಂದರೆಂದರೆ ಮೈಮೇಲೆ ದೆವ್ವ ಬಂದ ಹಾಗೆ.

ಏಟಿನಿಂದಲೂ ನಮ್ಮ ಚಾಳಿ ಬಿಡದಿದ್ದಾಗ ಅವರು ಮಶೀನಿನ ಎರಡೂ ಬದಿಗೆ ಒಂದೊಂದು ಕಟ್ಟಿಗೆಯ ಹಿಡಿ ಕೂರಿಸಿದರು. ಎರಡು ಕೈಯಿಂದ ಎರಡೂ ಹಿಡಿಗಳನ್ನು ಒತ್ತಿ ಹಿಡಿದರೆ ಮಾತ್ರ ಪಟ್ಟಾ ಗಾಲಿಯ ಮೇಲೆ ಬರುತ್ತಿತ್ತು. ಒಂದು ಕೈ ಬಿಟ್ಟರೂ ಪಟ್ಟಾ ಪಕ್ಕಕ್ಕೆ ಜಾರಿ ಮಶೀನು ತಟ್ಟನೆ ನಿಲ್ಲುತ್ತಿತ್ತು. ಅಂದು ಅವರು ಸೊಂಟದ ಪಟ್ಟಾದ ತುಂಡನ್ನು ತೆಗೆದು ಒಲೆಗೆ ಹಾಕಿದರು.

ಆದರೆ ನನ್ನ ಗಿಣ್ಣಿನ ಬಾವು ಇನ್ನೂ ಇಳಿದಿರಲಿಲ್ಲ, ಸಿಟ್ಟಂತೂ ಇಳಿದೇ ಇರಲಿಲ್ಲ. ಕೈ ಎತ್ತಿ ಅಣ್ಣನಿಗೆ ತೋರಿಸಿದೆ.  ಮರುದಿನ ಸಂಜೆ ಅವನು ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿ ಗೋಪನಕೊಪ್ಪದ ದಾರಿಯಲ್ಲಿ, ಮನೆಗೆ ಹೊರಟಿದ್ದ ಮಿಸ್ತ್ರಿಗಳನ್ನು ಅಡ್ಡಗಟ್ಟಿ ಹೊಡೆದ. ತಲೆ ಒಡೆಯಿತು, ಪಕ್ಕೆಲುಬು ಮುರಿಯಿತು. ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕುಳಿತ ಅಣ್ಣನಿಗೆ ನಾನೇ ಬಡಿಸಿದೆ. ನನಗೆ ಅಂದು ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಮಿಸ್ತ್ರಿಗಳು ಹಾಸಿಗೆ ಹಿಡಿದರು. ಸುಗ್ಗಿಯ ಹಣ್ಣು ಅಂಗಳದಲ್ಲಿ ಕೊಳೆಯತೊಡಗಿತ್ತು. ಸಾವಕಾರರು ಮಶೀನಿನ ಹಿಂದೆಯೇ ನಿಂತು, "ಈ ಹಿಡಿ ಅಂದ್ರ ಬರೇ ಹುಡುಗರ ಆಟಿಗಿ ಸಾಮಾನ. ಲಗೂ ಲಗೂ ಮಾಡ್ರಿ," ಎಂದು ಗೊಣಗುತ್ತಿದ್ದರು. ಎರಡೂ ಕೈ ಹಿಡಿಗಳ ಮೇಲಿದ್ದರೆ ಮುಂದಿನ ಡಬ್ಬಿಯನ್ನು ಎತ್ತಿಕೊಳ್ಳುವುದು ಯಾವಾಗ? ನಾನು ಜಾಣೆ. ಹಳೆಯ ಸೀರೆಯ ಚೂರಿನಿಂದ ಬಲಗಡೆಯ ಹಿಡಿಯನ್ನು ಒತ್ತಿ ಬಿಗಿದು ಕಟ್ಟಿಬಿಟ್ಟೆ. ಬಲಗೈ ಬಿಡುವಾಯಿತು, ಕೆಲಸ ಇಮ್ಮಡಿಯಾಯಿತು. ಸಾವಕಾರರು ಆ ಗಂಟನ್ನು ನೋಡಿದರು, ನಕ್ಕರು, ಮುಂದೆ ಹೋದರು.

ಮೂರು ದಿನ ನನ್ನ ಪಾಳಿ ಮುಗಿಯುವಾಗ ನೆನಪಿಟ್ಟು ಬಿಚ್ಚಿದೆ. ನಾಲ್ಕನೆಯ ದಿನ ಮರೆತೆ.

ಮಧ್ಯಾಹ್ನ ಗಂಗವ್ವ ಬಂದು ಕುಳಿತಳು. ಗಂಟು ಹಿಡಿಯ ಹಿಂಬದಿಗಿತ್ತು, ಅವಳಿಗೆ ಕಾಣಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ಕೈ ತೊಳೆಯುತ್ತಿದ್ದೆ. ಮುಚ್ಚಳ ಸೊಟ್ಟಗಾಗಿರಬೇಕು. ಹಿಡಿ ಬಿಟ್ಟರೆ ಮಶೀನು ನಿಲ್ಲುತ್ತದೆ ಎಂದು ನಂಬಿ ಅವಳು ಬಲಗೈ ಎತ್ತಿ ಒಳಗೆ ಹಾಕಿದಳು. ಮಶೀನು ನಿಲ್ಲಲಿಲ್ಲ. ಅವಳ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಹಳದಿ ರಸದ ಮೇಲೆ ಕೆಂಪು ಚಿಮ್ಮಿತು, ಡಬ್ಬಿ ಇನ್ನೂ ತಿರುಗುತ್ತಲೇ ಇತ್ತು, ನೋವಿಗೆ ಬಿಗಿದ ಅವಳ ಎಡಗೈ ಆ ಬದಿಯ ಹಿಡಿಯನ್ನು ಒತ್ತಿಯೇ ಇತ್ತು, ಇಡೀ ಮೈ ಮಶೀನಿನತ್ತ ಜಗ್ಗುತ್ತಿತ್ತು. ಎಲ್ಲರೂ ಗಂಗವ್ವನ ಕಡೆ ಓಡಿದರು. ನಾನು ಗಂಟಿನ ಕಡೆ ಓಡಿದೆ. ಬಿಚ್ಚಿದ ಕೂಡಲೇ ಮಶೀನು ನಿಂತಿತು. ಸೀರೆಯ ಚೂರನ್ನು ಮುಷ್ಟಿಯಲ್ಲಿ ಹಿಡಿದು ಹಣ್ಣಿನ ಸಿಪ್ಪೆಯ ರಾಶಿಯೊಳಗೆ ತುರುಕಿದೆ. ಜನ ನನ್ನನ್ನು ಹೊಗಳಿದರು, ಈಕೆಯೇ ಮಶೀನು ನಿಲ್ಲಿಸಿದವಳು ಎಂದು. ಗಂಗವ್ವನ ಬಲಗೈಯ ನಾಲ್ಕು ಬೆರಳು ಹೋದವು.

ಮರುದಿನ ಮಿಸ್ತ್ರಿಗಳು ತಲೆಗೆ ಪಟ್ಟಿ ಕಟ್ಟಿಕೊಂಡೇ, ಗೋಡೆ ಹಿಡಿಯುತ್ತ ಬಂದರು. ಯಾರನ್ನೂ ಮಾತಾಡಿಸದೆ ಮಶೀನಿನ ಮುಂದೆ ಕುಳಿತು ಹಿಡಿ ಒತ್ತಿದರು, ಬಿಟ್ಟರು. ನಿಂತಿತು. ಮತ್ತೆ ಒತ್ತಿದರು, ಬಿಟ್ಟರು. ಮತ್ತೂ ನಿಂತಿತು. ಹೀಗೆ ಇಪ್ಪತ್ತು ಸಲ ಮಾಡಿರಬಹುದು.

"ಈಗ ನಿಂದರ್ತೈತಿ. ನಿನ್ನೆ ಯಾಕ ನಿಂದರಲಿಲ್ಲ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ನನ್ನನ್ನೂ ಕೇಳಿದರು.

"ಗೊತ್ತಿಲ್ರಿ ಕಾಕಾ," ಎಂದೆ.

ಸಾವಕಾರರಿಗೆ ಗೊತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ. "ನಿನ್ನ ಹಿಡಿ ನಂಬಿ ಕೈ ಹಾಕ್ಯಾಳ ಆಕಿ. ಆಕಿ ಬೆರಳ ಕಡದಂವ ನೀನ," ಎಂದರು ಮಿಸ್ತ್ರಿಗಳಿಗೆ.

ಮಿಸ್ತ್ರಿಗಳು ಎದ್ದು ಹೋಗಿ ದೊಡ್ಡ ಸುತ್ತಿಗೆ ತಂದರು. ಮೊದಲ ಏಟು ರೋಲುಗಳಿಗೆ, ಎರಡನೆಯದು ಉಕ್ಕಿನ ಗುಂಡಿಗೆ. ಮಶೀನಿನ ಬೀಡುಕಬ್ಬಿಣದ ಚೂರುಗಳು ಸಿಡಿದು ನಾವೆಲ್ಲ ಮುಖ ಮುಚ್ಚಿಕೊಂಡೆವು. "ನನ್ನ ಕೈ ತಿಂದಿ, ಆಕೀದೂ ತಿಂದ್ಯಾ?" ಎಂದು ಕೂಗುತ್ತ ಹೊಡೆದರು. ಕಾವಲುಗಾರರು ಬಡಿಗೆ ಹಿಡಿದು ಬಂದು ಅವರ ಬೆನ್ನಿಗೆ, ಹೆಗಲಿಗೆ ಬಾರಿಸಿದರು. ಅವರು ತಿರುಗಿಯೂ ನೋಡಲಿಲ್ಲ. ಕೊನೆಗೆ ಬಲಗೈಯ ಮಣಿಕಟ್ಟಿನ ಮೇಲೆ ಏಟು ಬಿದ್ದು, ಎಲುಬು ಲಟಕ್ಕೆಂದಿತು, ಸುತ್ತಿಗೆ ಕೆಳಗೆ ಬಿತ್ತು. ಆಮೇಲೂ ಕಾಲಿನಿಂದ ಒದೆಯುತ್ತಿದ್ದರು.

ಯುದ್ಧದ ಸಾಮಾನು ಹಾಳು ಮಾಡಿದ ಎಂದು ಅವರಿಗೆ ಜೈಲಾಯಿತು. ಯಾಕೆ ಒಡೆದೆ ಎಂದು ಕೇಳಿದಾಗ "ಒಡದೇನಿ, ಖರೇ ಐತಿ" ಎಂದಷ್ಟೇ ಹೇಳಿದರಂತೆ. ಚಳವಳಿಯ ಕಾಲವಾದ್ದರಿಂದ ಊರಿನ ಕೆಲವರು ಅವರನ್ನು ದೇಶಭಕ್ತನೆಂದೇ ತಿಳಿದರು.

ನಾನು ದಿನಾ ಬೆಳಿಗ್ಗೆ ಗಂಗವ್ವನ ಮನೆಗೆ ಹೋಗಿ ರೊಟ್ಟಿ ಮಾಡಿಕೊಟ್ಟು, ಅವಳ ಹುಡುಗಿಯರ ತಲೆ ಬಾಚಿ ಬರುತ್ತಿದ್ದೆ. "ನೀ ಅವತ್ತ ಮಶೀನ ನಿಂದ್ರಸದಿದ್ರ ಪೂರಾ ಕೈ ಹೋಗತಿತ್ತವಾ. ನನ್ನ ಪಾಲಿನ ದೇವರ ನೀ," ಎನ್ನುತ್ತಿದ್ದಳು ಅವಳು. ನಾನು ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಆ ಮಾತನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೇಳಿದೆ.

ಮಿಸ್ತ್ರಿಗಳು ಬಿಡುಗಡೆಯಾಗಿ ಬಂದರೆಂದು ತಿಳಿದು ಗೋಪನಕೊಪ್ಪಕ್ಕೆ ಹೋದೆ. ಅವರು ಅಂಗಳದಲ್ಲಿ ಕುಳಿತಿದ್ದರು. ಮುಂದೆ ಒಂದು ಹಲಗೆ, ಅದಕ್ಕೆ ಎರಡು ಕಟ್ಟಿಗೆಯ ಹಿಡಿ, ಹುರಿ ಕಟ್ಟಿದ ಒಂದು ಸಣ್ಣ ಗಾಲಿ. ಎಡಗೈಯಿಂದ ಒತ್ತಿ ಬಿಡುವರು, ಒತ್ತಿ ಬಿಡುವರು.

"ಜೇಲಿಂದ ಬಂದಾಗಿಂದ ಇದ ನಡದೈತಿ ನೋಡವಾ. ಎಲ್ಲಿ ತಪ್ಪ್ಯಾತು ಅಂತ ಹುಡುಕಾಕತ್ತಾನ," ಎಂದಳು ಅವರ ಅಕ್ಕ. ಆ ಮಾತು ಕೇಳಿದ ಮೇಲೆ ಮುಚ್ಚಿಡಲಾಗಲಿಲ್ಲ. ಅವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಅಣ್ಣ, ಸೀರೆಯ ಚೂರು, ಗಂಟು, ಸಿಪ್ಪೆಯ ರಾಶಿ.

ಅವರು ಹಲಗೆಯ ಹಿಡಿಯನ್ನು ಮತ್ತೊಮ್ಮೆ ಒತ್ತಿ ಬಿಟ್ಟರು.

"ಹಂಗಾರ ಹಿಡಿ ಸುದ್ದ ಇತ್ತು?"

"ಇತ್ತ್ರಿ ಕಾಕಾ. ಏನೂ ಕೆಟ್ಟಿರಲಿಲ್ಲ."

ಅವರ ಮುಖ ಕಪ್ಪೇರಿತು. ಹೊಡೆಯಲು ಬಲಗೈ ಎತ್ತಿದರು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಬೆರಳುಗಳು ಮಡಚಲೇ ಇಲ್ಲ. ಆ ಕೈಯನ್ನು ಬೇರೆ ಯಾರದೋ ಎಂಬಂತೆ ಒಂದು ಕ್ಷಣ ನೋಡಿ ಕೆಳಗಿಳಿಸಿದರು. ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಗಂಗವ್ವಗ ಹೇಳಿಯೇನ?"

"ಇಲ್ರಿ."

"ನನಗ್ಯಾಕ ಹೇಳಾಕ ಬಂದಿ ಮತ್ತ? ಏಳ!"

ಎಡಗೈಯ ಮೂರು ಬೆರಳಿನಿಂದ ನನ್ನ ರಟ್ಟೆ ಹಿಡಿದರು. ಹಾಗೇ ಎಳೆದುಕೊಂಡು ಗೋಪನಕೊಪ್ಪದಿಂದ ನಮ್ಮ ಓಣಿಯವರೆಗೆ ನಡೆದರು. ದಾರಿಯಲ್ಲಿ ಜನ ನಿಂತು ನೋಡಿದರು. ಎರಡು ಸಲ ಬಿದ್ದೆ, ಎರಡು ಸಲವೂ ಎಬ್ಬಿಸಿ ಎಳೆದರು. ಗಂಗವ್ವನ ಹೊಸ್ತಿಲಲ್ಲಿ ನನ್ನನ್ನು ಮುಂದಕ್ಕೆ ನೂಕಿ, "ಹೇಳ," ಎಂದರು.

ಹೇಳಿದೆ. ಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಕೊನೆಯ ಮಾತು ಮುಗಿಯುವ ಮೊದಲೇ ಬೆರಳಿಲ್ಲದ ಆ ಕೈಯಿಂದ ನನ್ನ ಮುಖಕ್ಕೆ ಹೊಡೆದಳು. ಮತ್ತೆ ಹೊಡೆದಳು. ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಬಂತು. ಹುಡುಗಿಯರು ಅಳುತ್ತ ಅವ್ವನ ಸೀರೆ ಜಗ್ಗಿದರೂ ಅವಳು ಬಿಡಲಿಲ್ಲ. ನಾನು ಮುಖ ತಿರುಗಿಸಲಿಲ್ಲ. ಮಿಸ್ತ್ರಿಗಳು ಬಾಗಿಲಲ್ಲೇ ನಿಂತು ನೋಡಿದರು, ನನ್ನನ್ನು ಬಿಡಿಸಲು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದು ಅವಳ ಮುಂಗೈಯನ್ನು ಮೆಲ್ಲಗೆ ಹಿಡಿದರು.

"ಸಾಕ ಮಾಡವಾ ಗಂಗವ್ವಾ," ಎಂದರು, "ನಿನ್ನ ಕೈ ನೋಯ್ತೈತಿ."

ಅಷ್ಟು ಹೇಳಿ ಹೊರಟುಹೋದರು. ಆ ತಿಂಗಳೇ ಅಕ್ಕನ ಜೊತೆ ಸೊಲ್ಲಾಪುರಕ್ಕೆ ಹೋದರೆಂದು ಕೇಳಿದೆ. ಮತ್ತೆ ಅವರನ್ನು ನಾನು ನೋಡಲಿಲ್ಲ.